ಒಣಗಲಿಟ್ಟ ಮನೆ

ಆ ದಿನದ ಎಲ್ಲ ಅನಾಹುತಕ್ಕೂ ಮೂಲ ಇಷ್ಟೇ: ಗೋಂದು ಒಣಗಿರಲಿಲ್ಲ.

ಬೆಳಿಗ್ಗೆ ಎಂಟರ ಹೊತ್ತಿಗೆ ರಟ್ಟಣ್ಣನ ಮುಂಗೋಣೆಯಲ್ಲಿ ಇಡೀ ಬಡಾವಣೆ ಸಿದ್ಧವಾಗಿ ಮಲಗಿತ್ತು. ಊಟದ ಮೇಜಿನಷ್ಟು ಅಗಲದ ಪ್ಲೈವುಡ್ ಹಲಗೆಯ ಮೇಲೆ ಮೂರು ಬೀದಿ, ಎರಡು ಅಡ್ಡರಸ್ತೆ, ಎಂಬತ್ತನಾಲ್ಕು ಮನೆ, ಒಂದು ನೀರಿನ ಟ್ಯಾಂಕು, ನಿವಾಸಿಗಳ ಸಂಘದ ಕಟ್ಟಡ, ಹದಿನೇಳು ದೀಪದ ಕಂಬ. ಕಂಬಗಳಲ್ಲಿ ಎರಡು ವಾಲಿದ್ದವು, ಏಕೆಂದರೆ ಬೀದಿಯಲ್ಲೂ ಅವೆರಡು ವಾಲಿದ್ದವು. ಎಲ್ಲವೂ ಇನ್ನೂರಕ್ಕೆ ಒಂದರ ಅಳತೆ. ಅಂಟಿಸಲು ಉಳಿದಿದ್ದು ಒಂದೇ ಮನೆ, ಅದು ರಟ್ಟಣ್ಣನದು. ಅದರ ಗೋಡೆಯ ಗೋಂದು ಇನ್ನೂ ಹಸಿಯಾಗಿದ್ದರಿಂದ ಕಿಟಕಿಯ ಅಂಚಿನಲ್ಲಿ ಬಿಸಿಲಿಗೆ ಇಟ್ಟಿದ್ದ.

ರಟ್ಟಣ್ಣ ಎಂಬುದು ಬೀದಿ ಕೊಟ್ಟ ಹೆಸರು. ಅವನ ನಿಜವಾದ ಹೆಸರು ಮತದಾರರ ಪಟ್ಟಿಗೆ ಮಾತ್ರ ಗೊತ್ತು. ಬಿಲ್ಡರುಗಳ ಕಚೇರಿಗಳಿಗೆ ರಟ್ಟಿನಲ್ಲಿ ಕಟ್ಟಡದ ಮಾದರಿ ಮಾಡಿಕೊಡುವುದು ಅವನ ಕಸುಬು. ಇಪ್ಪತ್ತಾರು ವರ್ಷದಲ್ಲಿ ಅವನು ಎಬ್ಬಿಸಿದ ಗೋಪುರಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ರಾಜಧಾನಿಯಾಗುತ್ತಿತ್ತು. ಅವನ ಸ್ವಂತ ಮನೆಯ ಎಡಗಡೆಯ ಕಿಟಕಿ ಮಾತ್ರ ಪೂರ್ತಿ ಮುಚ್ಚುತ್ತಿರಲಿಲ್ಲ. ರಟ್ಟಿನ ಮನೆಯಲ್ಲೂ ಅವನು ಅದನ್ನು ಕೂದಲೆಳೆಯಷ್ಟು ತೆರೆದೇ ಇಟ್ಟಿದ್ದ. ಮೂರು ಮೆಟ್ಟಿಲು, ನಡುವಿನದು ಮುರಿದದ್ದು. ತಾರಸಿಯ ಮೇಲೆ ಬಟ್ಟೆಯ ಹಗ್ಗ, ಹೊಲಿಗೆ ದಾರದ್ದು. ಜಗಲಿಯಲ್ಲಿ ಅಮ್ಮನ ಬೆತ್ತದ ಕುರ್ಚಿ, ಬೆಂಕಿಕಡ್ಡಿಯ ಸಿಬಿರಿನದು. ಆ ಕುರ್ಚಿಗೇ ಒಂದು ಇಡೀ ಮಧ್ಯಾಹ್ನ ಹಿಡಿದಿತ್ತು.

"ಎಲ್ಲರ ಮನೇನೂ ಅಂಟಿಸಿದೀಯ, ನಮ್ದು ಮಾತ್ರ ಕಿಟಕಿ ಮೇಲೆ ಕೂತಿದೆಯಲ್ಲೋ" ಎಂದರು ಅಮ್ಮ, ಜಗಲಿಯ ಕುರ್ಚಿಯಿಂದಲೇ.

"ಒಣಗ್ಲಿ ಅಮ್ಮ. ಐದು ನಿಮಿಷದ ಕೆಲಸ."

"ನಿನ್ನ ಐದು ನಿಮಿಷ ನಂಗೊತ್ತಿಲ್ವ? ಈ ಕಿಟಕಿ ಸರಿಮಾಡೋಕೂ ಐದು ನಿಮಿಷ ಅಂದಿದ್ದೆ. ಹನ್ನೊಂದು ವರ್ಷ ಆಯ್ತು."

ಈ ಮಾದರಿಯ ಹಿಂದೆ ಒಂದು ಪಂಪ್‌ಹೌಸಿತ್ತು. ನಾಲ್ಕು ಬಡಾವಣೆಗಳ ಕೊಳಚೆ ನೀರನ್ನು ಒಂದೆಡೆ ಕೂಡಿಸಿ ಮೇಲಕ್ಕೆತ್ತಿ ತಳ್ಳುವ ಪಂಪ್‌ಹೌಸು. ಅದು ಬೇಕು ಎಂಬುದರಲ್ಲಿ ಬಡಾವಣೆಯವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ತಮ್ಮ ಮೂಗಿನ ಅಳತೆಯೊಳಗೆ ಬೇಡ ಎಂಬುದರಲ್ಲೂ ಇರಲಿಲ್ಲ. ನಗರಸಭೆಯಲ್ಲಿ ಬಡಾವಣೆಯ ಮೂರು ನಕ್ಷೆಗಳಿದ್ದು, ಒಂದರಲ್ಲಿದ್ದ ಬೀದಿ ಇನ್ನೊಂದರಲ್ಲಿರಲಿಲ್ಲ. ವಾರ್ಡಿನ ಸದಸ್ಯರಿಗೆ ನಕ್ಷೆ ನೋಡಿದರೆ ತಲೆ ಸುತ್ತುತ್ತಿತ್ತು. "ಗೆರೆ ಗಿರೆ ಬೇಡ್ರಿ, ಕಣ್ಣಿಗೆ ಕಾಣೋ ಹಾಗೆ ಒಂದು ಮಾದರಿ ಮಾಡಿಸಿ. ಎಲ್ಲಿ ಖಾಲಿ ಕಾಣುತ್ತೋ ಅಲ್ಲಿ ಬಾವುಟ ಚುಚ್ಚಿಬಿಡ್ತೀನಿ" ಎಂದಿದ್ದರು. ಬೀದಿಗೇ ಬಂದು ನೋಡಬಹುದಲ್ಲ ಎಂದು ಯಾರೋ ಕೇಳಿದ್ದಕ್ಕೆ ನಗರಸಭೆಯ ಇಂಜಿನಿಯರು, "ವಾಸನೆ ಇದೆಯಲ್ರೀ, ಅದಕ್ಕೇ ತಾನೆ ಪಂಪ್‌ಹೌಸು" ಎಂದಿದ್ದರು.

ಬಡಾವಣೆಯಲ್ಲಿ ಖಾಲಿ ಜಾಗ ಇದ್ದದ್ದು ಒಂದೇ. ಸಂಘದ ಅಧ್ಯಕ್ಷರ ಸೈಟು. ಅಲ್ಲಿ ಅವರ ಹಳೆಯ ಕಾರೊಂದು ಟೈರು ಕಳೆದುಕೊಂಡು ಇಟ್ಟಿಗೆಯ ಮೇಲೆ ನಿಂತು ಹುಲ್ಲು ಬೆಳೆಸುತ್ತಿತ್ತು.

ಹನ್ನೊಂದಕ್ಕೆ ಸಂಘದ ಕಟ್ಟಡದಲ್ಲಿ ಸಭೆ. ಮಾದರಿಯ ಅಡಿಗೆ ಅಂಟಿಸಿದ ಚೀಟಿಯ ಮೇಲೆ ರಟ್ಟಣ್ಣ ಆಗಲೇ ಸಹಿ ಹಾಕಿದ್ದ: "ಸ್ಥಳದಲ್ಲಿರುವುದನ್ನು ಇರುವಂತೆಯೇ ತೋರಿಸಲಾಗಿದೆ." ಹಾಕುವಾಗ ಅದು ನಿಜವೂ ಆಗಿತ್ತು. ಅವನಿಗೆ ಕಸುಬು ಕಲಿಸಿದ ಮುದುಕ ಒಂದೇ ಮಾತು ಹೇಳುತ್ತಿದ್ದ: "ಕಣ್ಣಿಗೆ ಕಂಡದ್ದನ್ನ ಕತ್ತರಿಸಯ್ಯ, ಕಿವಿಗೆ ಬಿದ್ದದ್ದನ್ನಲ್ಲ."

ಎಂಟೂಕಾಲಿಗೆ ಮೊದಲು ಬಂದವರು ದಂತವೈದ್ಯರು. ಚಪ್ಪಲಿ ಬಿಡದೆ ಬಂದು ಹಲಗೆಯ ಮೇಲೆ ಬಾಗಿ, ರೋಗಿಯ ಬಾಯೊಳಗೆ ನೋಡುವಂತೆ ಬಡಾವಣೆಯನ್ನು ನೋಡಿದರು.

"ನಮ್ದು ಇದೇನಾ? ಇಷ್ಟು ಕುಳ್ಳಗೆ?"

"ಒಂದೇ ಮಹಡಿ ಅಲ್ವ ಸಾರ್."

"ಈಗ ಒಂದು. ಮುಂದಿನ ವರ್ಷ ಎರಡನೇದು ಕಟ್ಟಿಸ್ತೀನಿ. ಈಗ್ಲೇ ಕೂರಿಸಿಬಿಡಿ. ಆಮೇಲೆ ಲೈಸೆನ್ಸ್ ಕೇಳಿದ್ರೆ, ನಿಮ್ಮ ಮಾದರೀಲೇ ಇದೆಯಲ್ಲ ಅಂತ ತೋರಿಸಬಹುದು."

'ಇಲ್ಲ' ಎಂಬ ಮಾತು ರಟ್ಟಣ್ಣನ ಗಂಟಲಲ್ಲಿ ಹುಟ್ಟುತ್ತಿತ್ತು, ನಾಲಿಗೆಯ ಮೇಲೆ ನಡೆದು ಬರುವಷ್ಟರಲ್ಲಿ 'ಹೂಂ' ಆಗಿ ಹೊರಬೀಳುತ್ತಿತ್ತು. ಅವನು ಹೂಂ ಎಂದ. ಉಳಿದಿದ್ದ ರಟ್ಟಿನ ಹಾಳೆಯಲ್ಲಿ ಅರ್ಧ ಭಾಗ ದಂತವೈದ್ಯರ ಎರಡನೇ ಮಹಡಿಯಾಯಿತು.

ಅವರು ಗೇಟು ದಾಟುವ ಮೊದಲೇ ನಿವೃತ್ತ ಪೋಸ್ಟ್‌ಮಾಸ್ಟರು ಬಂದರು. ಅವರ ದೂರು ಹಳೆಯದು: ದಂತವೈದ್ಯರ ಬಾಲ್ಕನಿ ತಮ್ಮ ಕಾಂಪೌಂಡಿನ ಮೇಲೆ ಒಂದೂವರೆ ಅಡಿ ಚಾಚಿದೆ. ಒಂಬತ್ತು ವರ್ಷದಿಂದ ಅರ್ಜಿ ಕೊಡುತ್ತಿದ್ದರು.

"ಆ ಬ್ಲೇಡ್ ಕೊಡಪ್ಪ ಇಲ್ಲಿ" ಎಂದರು.

"ಯಾಕೆ ಮಾವ?"

"ಕೊಡು ಅಂದ್ರೆ."

ಅಂಚೆಚೀಟಿ ಬಿಡಿಸುವ ನಾಜೂಕಿನಿಂದ ಅವರು ಬಾಲ್ಕನಿಯನ್ನು ಕತ್ತರಿಸಿ ತೆಗೆದು, ಅದನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರಾಡಿತು. "ಒಂಬತ್ತು ವರ್ಷ ಕಣೋ" ಎಂದರು. ಆಮೇಲೆ ತಮ್ಮ ಮನೆಯ ಮುಂದೆ ಎರಡು ಮರ ಹೆಚ್ಚಿಗೆ ನೆಡಿಸಿಕೊಂಡು ಹೊರಟುಹೋದರು.

ಒಂಬತ್ತಕ್ಕೆ ಇಸ್ತ್ರಿ ಅಕ್ಕ ಬಂದಳು. ಮೂರನೇ ಬೀದಿಯ ಕೊನೆಯಲ್ಲಿ, ದೊಡ್ಡ ಮೋರಿಯ ಪಕ್ಕ, ತಗಡಿನ ಆರು ಮನೆಗಳ ಸಾಲು. ಅದರ ಮೊದಲ ಮನೆ ಅವಳದು. ಬಡಾವಣೆಯ ನೆಲ ಗುಡಿಸುವವರು, ಪಾತ್ರೆ ತೊಳೆಯುವವರು, ಮೋರಿ ಕಟ್ಟಿಕೊಂಡಾಗ ಒಳಗಿಳಿಯುವವರು ಎಲ್ಲ ಆ ಸಾಲಿನವರೇ. ಬೆಳಿಗ್ಗೆ ಆರಕ್ಕೆ ಎಲ್ಲರ ಮನೆಗೂ ಬೇಕಾದವರು, ಏಳರ ಮೇಲೆ ಯಾರ ಕಣ್ಣಿಗೂ ಬೀಳಬಾರದವರು. ಅವಳು ಸಭೆಗೆಂದು ರಟ್ಟಣ್ಣನ ಬಿಳಿ ಅಂಗಿಗೆ ಗರಿಗರಿ ಇಸ್ತ್ರಿ ಹಾಕಿ ತಂದಿದ್ದಳು. ಹಾಕಿಕೊಂಡರೆ ಅಂಗಿಯೇ ಮನುಷ್ಯನನ್ನು ನೆಟ್ಟಗೆ ನಿಲ್ಲಿಸುವಂತಿತ್ತು.

"ಅಣ್ಣ, ನಮ್ಮ ಸಾಲೂ ಇದೆಯಾ ಇದರಲ್ಲಿ?"

"ಇಲ್ದೆ ಇರುತ್ತಾ ಅಕ್ಕ? ನಿನ್ನ ಬಾಗಿಲ ಮುಂದಿನ ನೀಲಿ ಬ್ಯಾರಲ್ಲೂ ಇದೆ."

"ಬ್ಯಾರಲ್ಲೂ!" ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಎಲ್ಲಿ, ತೋರಿಸಿ."

ಆ ತುದಿಯ ಮೋರಿಗೆ ಬಳಿದ ಬಣ್ಣ ಒಣಗಿರಲಿಲ್ಲ, ಧೂಳು ಕೂರಬಾರದೆಂದು ಅವನು ಪತ್ರಿಕೆಯ ಹಾಳೆ ಮುಚ್ಚಿದ್ದ. "ಸಭೇಲಿ ನೋಡು. ಎಲ್ರೂ ಬನ್ನಿ" ಎಂದ.

"ಎಲ್ರನ್ನೂ ಕರ್ಕೊಂಡು ಬರ್ತೀನಿ. ನಮ್ಮನೆ ಯಾರಾದ್ರೂ ಮಾಡಿಟ್ಟಿದ್ದು ಇದೇ ಮೊದ್ಲು" ಎಂದು ಹೋದಳು. ರಟ್ಟಣ್ಣನಿಗೂ ಖುಷಿಯಾಯಿತು. ಆ ಬ್ಯಾರಲ್ಲು ನೀಲಿ ವೈರಿನ ಸಿಪ್ಪೆಯ ತುಂಡು. ಅದರ ಬಾಯಿಗೆ ಅರೆಮುಚ್ಚಿದ ಮುಚ್ಚಳ ಕೂರಿಸಲು ಅವನು ಭೂತಗನ್ನಡಿ ಹಿಡಿದಿದ್ದ.

ಅಂಗಿ ತೊಟ್ಟು ಗುಂಡಿ ಹಾಕುತ್ತಿದ್ದಾಗ ಅಧ್ಯಕ್ಷರು ಬಂದರು. ಅಧ್ಯಕ್ಷರು ಬಾಗಿಲಿಂದ ಬರುವುದಕ್ಕೆ ಮೊದಲು ಅವರ ಕೆಮ್ಮು ಬರುತ್ತಿತ್ತು, ಅದರ ಹಿಂದೆ ಹೊಟ್ಟೆ, ಕೊನೆಗೆ ಅವರು.

"ಭೇಷ್ ಕಣಯ್ಯ ರಟ್ಟಣ್ಣ, ಭೇಷ್! ದೀಪದ ಕಂಬಾನೂ ಬಿಟ್ಟಿಲ್ಲ." ಪತ್ರಿಕೆಯ ಹಾಳೆ ಎತ್ತಿದರು. "ಇದೇನಿದು?"

"ತಗಡಿನ ಸಾಲು ಸಾರ್."

"ಅದು ಕಾಣುತ್ತೆ. ಇಲ್ಲಿ ಯಾಕಿದೆ ಅಂತ."

"ಅಲ್ಲಿದೆಯಲ್ಲ ಸಾರ್, ಅದಕ್ಕೆ."

"ಅಲ್ಲಿ ಏನೇನೋ ಇರುತ್ತಪ್ಪ. ನಾಯಿ ಇದೆ, ಅದನ್ನ ಮಾಡಿದೀಯ? ಇಡೀ ಮಾದರಿ ಅಂದ ಇದೊಂದು ಕೆಡಿಸ್ತಿದೆ. ತೆಗಿ."

ರಟ್ಟಣ್ಣ ಹೆಡ್ಡನಲ್ಲ. ಸಾಲು ತೆಗೆದರೆ ಅಲ್ಲಿ ಖಾಲಿ ಕಾಣುತ್ತದೆ, ಖಾಲಿ ಕಂಡಲ್ಲಿ ಬಾವುಟ ಬೀಳುತ್ತದೆ, ಬಾವುಟ ಬಿದ್ದಲ್ಲಿ ಪಂಪ್‌ಹೌಸು ಏಳುತ್ತದೆ, ಆರು ಮನೆಯವರು ಬಟ್ಟೆಬರೆ ಗಂಟು ಕಟ್ಟುತ್ತಾರೆ. ಇಷ್ಟೂ ಅವನ ತಲೆಯೊಳಗೆ ಒಂದೇ ಕ್ಷಣದಲ್ಲಿ ಹಾದುಹೋಯಿತು.

"ಸಾರ್, ಅವರು ಇಪ್ಪತ್ತು ವರ್ಷದಿಂದ..."

"ಏನಯ್ಯ, ನಾನೇನು ಅವರ ಮನೆ ಕೆಡವು ಅಂದ್ನಾ? ರಟ್ಟು ತೆಗಿ ಅಂದೆ ಅಷ್ಟೆ. ರಟ್ಟು!"

ಮಾತು ಕೇಳಲು ಎಷ್ಟು ಹಗುರವಾಗಿತ್ತು! ಬೀದಿಗಳಲ್ಲಿ ಬುಲ್ಡೋಜರು ಮಾಡುವ ಕೆಲಸವನ್ನು ಈ ಲೋಕದಲ್ಲಿ ಮೊದಲು ಯಾವಾಗಲೂ ಒಂದು ಬ್ಲೇಡೋ ಪೆನ್ನೋ ರಬ್ಬರೋ ಮಾಡಿ ಮುಗಿಸಿರುತ್ತದೆ. ಹಿಡಿದ ಕೈ ಸಾಮಾನ್ಯವಾಗಿ ರಟ್ಟಣ್ಣನಂಥ ಒಳ್ಳೆಯವನದೇ ಆಗಿರುತ್ತದೆ. ಅವನು ಬ್ಲೇಡು ಆಡಿಸಿದ. ಸಾಲು ಇಡಿಯಾಗಿ ಎದ್ದು ಬಂತು, ನೀಲಿ ಬ್ಯಾರಲ್ಲಿನ ಸಮೇತ. ಕಸದ ಬುಟ್ಟಿಗೆ ಹಾಕಲು ಕೈ ಬರಲಿಲ್ಲ. ಇಸ್ತ್ರಿಯ ಅಂಗಿಯ ಜೇಬಿಗೆ ಹಾಕಿಕೊಂಡ.

"ಈಗ ಇನ್ನೊಂದು. ನನ್ನ ಸೈಟು ಬೋಳು ಬೋಳಾಗಿದೆ. ಒಂದು ಮನೆ ಇಡು."

"ರಟ್ಟು ಮುಗೀತು ಸಾರ್. ಡಾಕ್ಟ್ರ ಮಹಡಿಗೆ..."

ಅಧ್ಯಕ್ಷರ ಕಣ್ಣು ಕೋಣೆಯನ್ನೆಲ್ಲ ಸುತ್ತಿ ಕಿಟಕಿಯ ಅಂಚಿನಲ್ಲಿ ನಿಂತಿತು. "ಅಲ್ಲೊಂದು ಇದೆಯಲ್ಲ."

"ಅದು ನಮ್ಮನೆ ಸಾರ್!"

"ಇರ್ಲಿ ಬಿಡು. ನಿನ್ನ ಮನೆ ನಿನ್ನ ಕೈಲೇ ಇದೆ, ಐದು ನಿಮಿಷದಲ್ಲಿ ಇನ್ನೊಂದು ಮಾಡ್ಕೋತೀಯ. ನಿನ್ನ ಮನೆ ಎಲ್ಲಿದೆ ಅಂತ ಇಡೀ ಬೀದಿಗೆ ಗೊತ್ತಿಲ್ವಾ?" ಎನ್ನುತ್ತಲೇ ಅವರು ಮನೆಯನ್ನು ಎತ್ತಿ, ಅಡಿಗೆ ತಾವೇ ಗೋಂದು ಬಳಿದು ತಮ್ಮ ಸೈಟಿನ ಮೇಲೆ ಒತ್ತಿ ಹಿಡಿದರು. ಗೋಡೆಯ ಗೋಂದು ಅಷ್ಟು ಹೊತ್ತಿಗೆ ಚೆನ್ನಾಗಿ ಒಣಗಿತ್ತು.

ಹೊರಗೆ ಜಗಲಿಯಿಂದ ಅಮ್ಮ ಕೂಗಿದರು: "ನಮ್ಮನೆ ಅಂಟಿಸಿದ್ಯೇನೋ?"

ರಟ್ಟಣ್ಣ ಹಲಗೆಯ ಕಡೆ ನೋಡಿದ. "ಅಂಟಿಸಿಯಾಯ್ತಮ್ಮ" ಎಂದ. ಸುಳ್ಳೂ ಅಲ್ಲ.

ಹಳೆಯ ಬೂಟಿನ ಪೆಟ್ಟಿಗೆಯೊಂದನ್ನು ಹರಿದು ತನ್ನ ಇನ್ನೊಂದು ಮನೆಯ ಮೊದಲ ಗೋಡೆಗೆ ಗೆರೆ ಎಳೆಯುವಷ್ಟರಲ್ಲಿ ಬೀದಿಯಲ್ಲಿ ಗದ್ದಲವೆದ್ದಿತು. ಸದಸ್ಯರಿಗೆ ಹನ್ನೊಂದಕ್ಕೆ ಇನ್ನೆಲ್ಲೋ ಉದ್ಘಾಟನೆಯಂತೆ; ಹತ್ತಕ್ಕೇ ಬಂದುಬಿಟ್ಟಿದ್ದರು. ನಾಲ್ಕು ಜನ ನುಗ್ಗಿ ಹಲಗೆ ಎತ್ತಿದರು.

"ಐದು ನಿಮಿಷ ಇರಿ, ಐದೇ ನಿಮಿಷ!" ಎಂದು ರಟ್ಟಣ್ಣ ಹಿಂದೆ ಓಡಿದ, ಒಂದು ಕೈಯಲ್ಲಿ ಬೂಟಿನ ಪೆಟ್ಟಿಗೆ, ಇನ್ನೊಂದರಲ್ಲಿ ಗೋಂದಿನ ಬಾಟಲಿ.

ಬೀದಿಯ ಮೇಲೆ ಬೀದಿ ಹೊರಟಿತು. ಮುಂದಿನಿಬ್ಬರು ಎತ್ತರದವರು, ಹಿಂದಿನಿಬ್ಬರು ಗಿಡ್ಡ. ಬಡಾವಣೆಗೆ ಆ ದಿನ ಒಂದು ಇಳಿಜಾರು ಬಂದಿತು. ತಿರುವಿನಲ್ಲಿ ಹಲಗೆ ವಾಲಿದಾಗ ದಂತವೈದ್ಯರ ಎರಡನೇ ಮಹಡಿ ಜಾರಿ ಹೋಗಿ ಪೋಸ್ಟ್‌ಮಾಸ್ಟರ ಹೊಸ ಮರಗಳ ಮೇಲೆ ಕೂತಿತು. ಪಕ್ಕದಲ್ಲೇ ನಡೆಯುತ್ತಿದ್ದ ಇಬ್ಬರೂ ಜಗಳಕ್ಕೆ ನಿಂತರು. "ನಿಮ್ಮ ಮನೆ ನನ್ನ ಮರದ ಮೇಲಿದೆ!" "ಮರ ಎಲ್ರೀ ಇದೆ ನಿಮಗೆ? ಒಂದು ಬೇಲಿ ಗಿಡ ಇಲ್ಲ!" "ಮಹಡಿ ಎಲ್ರೀ ಇದೆ ನಿಮಗೆ?" ಇಬ್ಬರೂ ಹೇಳಿದ್ದು ನಿಜ. ಆ ಬೆಳಿಗ್ಗೆ ಬಡಾವಣೆಯಲ್ಲಿ ಯಾರಾದರೂ ನಿಜ ಹೇಳಿದ್ದು ಅದೇ ಮೊದಲು. ರಟ್ಟಣ್ಣ ನಡುವೆ ತೂರಿ ಮಹಡಿಯನ್ನು ಎತ್ತಿ ಅದರ ಜಾಗಕ್ಕೆ ಕೂರಿಸುತ್ತ ಇದ್ದಾಗಲೇ ಹಲಗೆ ಸಂಘದ ಬಾಗಿಲು ಹೊಕ್ಕಿತು.

ಒಳಗೆ ಸದಸ್ಯರು, ಇಂಜಿನಿಯರು, ನಡಾವಳಿ ಬರೆಯುವ ಗುಮಾಸ್ತ. ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆ, ಅದರ ಪಕ್ಕ ಗುಂಡುಸೂಜಿಗೆ ಸಿಕ್ಕಿಸಿದ ಪುಟ್ಟ ಕೆಂಪು ಬಾವುಟ. ಸದಸ್ಯರು ಮಾದರಿಯ ಸುತ್ತ ಒಂದು ಸುತ್ತು ಬಂದರು. "ಎಷ್ಟು ಚೆನ್ನಾಗಿದೆಯಪ್ಪ ನನ್ನ ವಾರ್ಡು! ನಾನು ಈ ಕಡೆ ಬಂದೇ ಇರಲಿಲ್ಲವಲ್ಲ."

"ಎರಡು ಜಾಗ ಖಾಲಿ ಕಾಣ್ತಿದೆ" ಎಂದರು ಇಂಜಿನಿಯರು, ಸ್ಕೇಲು ಆಡಿಸುತ್ತ. "ಮೂರನೇ ಬೀದಿ ಕೊನೇದೊಂದು, ಒಂದನೇ ಬೀದಿ ನಡುವೆ ಒಂದು."

"ಕೊನೇದು ತಗೊಳ್ಳಿ ಸರ್" ಎಂದರು ಅಧ್ಯಕ್ಷರು. "ಹಾಳುಬಿದ್ದ ಜಾಗ. ಅಲ್ಲಿ ಯಾರೂ ಇಲ್ಲ."

ಸದಸ್ಯರು ಬಾವುಟ ಎತ್ತಿದರು.

"ಯಾರೂ ಇಲ್ವಾ?"

ಬಾಗಿಲ ಬಳಿ ಇಸ್ತ್ರಿ ಅಕ್ಕ ನಿಂತಿದ್ದಳು. ಅವಳ ಹಿಂದೆ ಆರು ಮನೆಯವರು, ಒಗೆದ ಬಟ್ಟೆ ತೊಟ್ಟು, ತಲೆ ಬಾಚಿಕೊಂಡು, ತಮ್ಮ ಮನೆಯನ್ನು ನೋಡಲು ಬಂದವರು. ಅವಳು ಮುಂದೆ ಬಂದು ಹಲಗೆಯ ತುದಿಯನ್ನು ನೋಡಿದಳು. ಮೋರಿ ಇತ್ತು, ಮೋರಿಯ ಪಕ್ಕ ಬರಿಯ ಪ್ಲೈವುಡ್ ಇತ್ತು.

"ಸಾರ್, ಇಲ್ಲಿ ನಮ್ಮ ಸಾಲು ಇರಬೇಕಿತ್ತು. ಅಣ್ಣ ಮಾಡಿದೀನಿ ಅಂದಿದ್ರು. ನೀಲಿ ಬ್ಯಾರಲ್ಲೂ ಇಟ್ಟಿದೀನಿ ಅಂದ್ರು." ರಟ್ಟಣ್ಣನ ಕಡೆ ತಿರುಗಿದಳು. "ಅಂಟಿಸೋಕೆ ಮರ್ತಿರ್ಬೇಕು, ಪಾಪ. ಎಂಬತ್ತು ಮನೆ, ಒಬ್ಬರು ಎಷ್ಟು ಅಂತ ನೆನಪಿಟ್ಕೋತಾರೆ? ಅಲ್ವಾ ಅಣ್ಣ?"

ಅಧ್ಯಕ್ಷರು ಕೆಮ್ಮಿದರು. ಎಲ್ಲರೂ ರಟ್ಟಣ್ಣನನ್ನು ನೋಡಿದರು. ಸಾಲು ಅವನ ಜೇಬಿನಲ್ಲಿತ್ತು, ಎದೆಗೆ ಚುಚ್ಚುತ್ತಿತ್ತು. ತೆಗೆದು ಮೇಜಿನ ಮೇಲಿಟ್ಟು, 'ಮರೆಯಲಿಲ್ಲ ಅಕ್ಕ, ಕತ್ತರಿಸಿದೆ. ಹೇಳಿದವರು ಇವರು' ಎನ್ನಲು ಅವನಿಗೆ ಐದು ನಿಮಿಷ ಬೇಕಿರಲಿಲ್ಲ. ಅರ್ಧ ನಿಮಿಷ ಸಾಕಿತ್ತು.

"ಹೂಂ" ಎಂದ. "ಮರ್ತೆ."

ಸದಸ್ಯರು ಬಾಗಿಲಲ್ಲಿದ್ದ ತಲೆಗಳನ್ನು ಎಣಿಸುತ್ತಿದ್ದರು. "ನಿಮ್ದು ಎಷ್ಟು ಓಟಮ್ಮ?"

"ಇಪ್ಪತ್ತಾರು ಸಾರ್."

ಚುನಾವಣೆಗೆ ಒಂಬತ್ತು ವಾರ ಇತ್ತು. ಐದು ವರ್ಷ ಯಾರ ಕಣ್ಣಿಗೂ ಬೀಳದ ಆರು ಮನೆಗಳು ಪ್ಲೈವುಡ್ಡಿನ ಮೇಲೆ ಇಲ್ಲದೆಯೂ ಸದಸ್ಯರಿಗೆ ಢಾಳಾಗಿ ಕಾಣಿಸಿದವು. "ಏನ್ರೀ ಅಧ್ಯಕ್ಷರೆ, ಇಷ್ಟು ಜನ ಬದುಕ್ತಿರೋ ಜಾಗಾನ ಖಾಲಿ ಅಂತೀರಲ್ಲ, ಮನುಷ್ಯತ್ವ ಬೇಡ್ವಾ?" ಎಂದು ಗದರಿ, ತೋಳನ್ನು ಒಂದನೇ ಬೀದಿಯ ಕಡೆ ತಿರುಗಿಸಿ, ಕೆಂಪು ಬಾವುಟವನ್ನು ಟಕ್ ಎಂದು ಚುಚ್ಚಿದರು. ಚಪ್ಪಾಳೆ ಬಿತ್ತು. ಗುಮಾಸ್ತ ಬರೆದುಕೊಂಡ.

ಆಗ ರಟ್ಟಣ್ಣ ಬಾಯಿ ಬಿಟ್ಟ. "ಸಾರ್! ಅದು ನಮ್ಮನೆ!"

"ಎಲ್ಲಿದೆ?" ಎಂದರು ಇಂಜಿನಿಯರು, ಬಾಗಿ ನೋಡುತ್ತ.

"ಬೀದೀಲಿದೆ ಸಾರ್. ಇಲ್ಲಿಂದ ಎಂಟನೇದು. ನಮ್ಮಮ್ಮ ಜಗಲೀಲಿ ಕೂತಿದಾರೆ. ಬನ್ನಿ, ತೋರಿಸ್ತೀನಿ."

ಇಂಜಿನಿಯರು ಹಲಗೆಯ ಅಡಿಯ ಚೀಟಿಯನ್ನು ಗಟ್ಟಿಯಾಗಿ ಓದಿದರು. "'ಸ್ಥಳದಲ್ಲಿರುವುದನ್ನು ಇರುವಂತೆಯೇ ತೋರಿಸಲಾಗಿದೆ.' ಈ ಸಹಿ ಯಾರದು?"

"ನಂದೇ ಸಾರ್. ಆದ್ರೆ..."

ಅಧ್ಯಕ್ಷರು ಲೆಕ್ಕ ಹಾಕಿದರು. ಈ ಮನುಷ್ಯನ ಮಾತು ನಿಜವೆಂದಾದರೆ ಬಾವುಟ ಮತ್ತೆ ಮೇಲೆದ್ದು ತಮ್ಮ ಸೈಟು ಹುಡುಕುತ್ತದೆ. "ಅಯ್ಯೋ, ಅವನ ಮನೆ ಇಲ್ಲೇ ಇದೆಯಲ್ಲ ಸರ್!" ಎಂದು ಬೆರಳು ತೋರಿಸಿದರು. "ನೋಡಿ, ಇದು."

ಎಲ್ಲರೂ ಬಗ್ಗಿದರು. ಮುರಿದ ನಡುಮೆಟ್ಟಿಲು. ಪೂರ್ತಿ ಮುಚ್ಚದ ಎಡಗಿಟಕಿ. ಬಟ್ಟೆಯ ಹಗ್ಗ. ಜಗಲಿಯ ಬೆತ್ತದ ಕುರ್ಚಿ.

"ಹೌದೌದು, ಅವನದೇ" ಎಂದರು ದಂತವೈದ್ಯರು. ಎರಡನೇ ಮಹಡಿ ಈಗಷ್ಟೇ ಸರಿಯಾಗಿ ಕೂತಿತ್ತು, ಮತ್ತೆ ಮಾದರಿ ಅಲುಗಾಡುವುದು ಅವರಿಗೆ ಬೇಕಿರಲಿಲ್ಲ.

"ಆ ಕುರ್ಚಿ ಅವರಮ್ಮನದೇ. ಬೇರೆ ಯಾರ ಮನೇಲಿದೆ?" ಎಂದರು ಪೋಸ್ಟ್‌ಮಾಸ್ಟರು, ಬಾಲ್ಕನಿ ಇಲ್ಲದ ಗೋಡೆಯನ್ನೇ ನೋಡುತ್ತ.

ಇಪ್ಪತ್ತಾರು ವರ್ಷದ ಕಸುಬಿಗೆ ಇಷ್ಟು ದೊಡ್ಡ ಮೆಚ್ಚುಗೆ ರಟ್ಟಣ್ಣನಿಗೆ ಎಂದೂ ಸಿಕ್ಕಿರಲಿಲ್ಲ. ಒಂದು ಕುರ್ಚಿ ಸ್ವಲ್ಪ ಒಡ್ಡಾಗಿ ಬಂದಿದ್ದರೂ ಅವನು ಬಚಾವಾಗುತ್ತಿದ್ದ.

"ಅದು ಅಧ್ಯಕ್ಷರ ಸೈಟಲ್ವಾ?" ಎಂದಳು ಇಸ್ತ್ರಿ ಅಕ್ಕ. "ಅಲ್ಲಿ ಅವರ ಹಳೇ ಕಾರು ನಿಂತಿರೋದು. ಅಣ್ಣನ ಮನೆ ಒಂದನೇ ಬೀದೀಲಿ, ದಿನಾ ಬಟ್ಟೆ ಕೊಡ್ತೀನಿ ಸಾರ್, ನಂಗೊತ್ತಿಲ್ವಾ?"

ಅವನ ಪರವಾಗಿ ಆ ಸಭೆಯಲ್ಲಿ ಎದ್ದ ದನಿ ಅದೊಂದೇ.

"ನಿಮ್ದು ಆಯ್ತಲ್ಲಮ್ಮ, ಸುಮ್ನಿರಿ" ಎಂದರು ಇಂಜಿನಿಯರು. ಆದರೂ ಅವರಿಗೆ ಸಂಶಯ ಬಂತು. "ಏನ್ರೀ ಅಧ್ಯಕ್ಷರೆ, ನಿಮ್ಮ ಸೈಟಲ್ಲಿ ಅವರ ಮನೆ ಹೇಗೆ? ಒತ್ತುವರಿನಾ?"

ಒಂದು ಕ್ಷಣ, ತಮ್ಮ ಸೈಟು ದಾಖಲೆಯಲ್ಲಿ ಇನ್ನೊಬ್ಬನ ಮನೆಯಾಗುವುದು ಅಧ್ಯಕ್ಷರ ಕಣ್ಣ ಮುಂದೆ ಕಟ್ಟಿತು. "ಏನೋ ಪಾಪ ಅಂತ ಇರೋಕೆ ಬಿಟ್ಟಿದ್ದೆ ಸರ್. ಈಗ್ಲೇ ಖಾಲಿ ಮಾಡಿಸ್ತೀನಿ." ಎರಡು ಬೆರಳಲ್ಲಿ ಮನೆಯನ್ನು ಹಿಡಿದು ಎಳೆದರು. ಗೋಂದು ಗಟ್ಟಿಯಾಗಿ ಹಿಡಿದಿತ್ತು. ಚರ್ ಎಂದು ಸದ್ದಾಗಿ, ಮೆಟ್ಟಿಲುಗಳನ್ನು ಅಲ್ಲೇ ಬಿಟ್ಟು ಮನೆ ಕಿತ್ತು ಬಂತು. ಅದನ್ನು ರಟ್ಟಣ್ಣನ ಅಂಗೈ ಮೇಲಿಟ್ಟರು. "ತಗೋಪ್ಪ. ನಿನ್ನ ಮನೆ ನೀನು ತಗೊಂಡು ಹೋಗು. ನನ್ನ ನಿನ್ನ ಋಣ ಮುಗೀತು."

ರಟ್ಟಣ್ಣ ಅಂಗೈ ನೋಡಿದ, ಹಲಗೆ ನೋಡಿದ, ಅವನ ಜೀವಮಾನದ ಅತ್ಯಂತ ಬುದ್ಧಿವಂತ ಮಾತು ಆಗ ಬಂತು:

"ಸಾರ್, ಹಾಗಾದ್ರೆ ಈಗ ಆ ಸೈಟು ಖಾಲಿ ಅಲ್ವಾ?"

ಸಭೆಯಲ್ಲಿ ಬಿಸ್ಕತ್ತು ಕಡಿಯುವ ಸದ್ದು ನಿಂತಿತು. ಇಂಜಿನಿಯರು ಗುಮಾಸ್ತನ ಪುಸ್ತಕದ ಮೇಲೆ ಕಣ್ಣಾಡಿಸಿದರು.

"ನಡಾವಳಿ ಬರೆದಾಯ್ತಲ್ರೀ. ಆ ಸೈಟಲ್ಲಿ ಮನೆ ಇದೆ ಅಂತ ಬರ್ದಿದೆ."

"ಮನೆ ನನ್ನ ಕೈಲಿದೆ ಸಾರ್!"

ಸದಸ್ಯರು ಅವನ ಬೆನ್ನು ತಟ್ಟಿದರು. "ಸಮಾಧಾನ ಮಾಡ್ಕೊಳ್ಳಿ. ಮನೆ ಕೈಗೆ ಬಂತಲ್ಲ. ಎಷ್ಟೋ ಜನಕ್ಕೆ ಅಷ್ಟೂ ಸಿಗಲ್ಲ."

"ಮತ್ತೆ ಬೀದೀಲಿರೋ ಮನೆ? ನಮ್ಮಮ್ಮ?"

"ನೋಡ್ರೀ" ಎಂದರು ಇಂಜಿನಿಯರು, ಮಗುವಿಗೆ ಹೇಳುವಂತೆ. "ಮಾದರಿ ಮಂಜೂರಾಗಿದೆ. ಇನ್ನು ಬೀದೀನ ಅದಕ್ಕೆ ಸರಿಯಾಗಿ ತಿದ್ದೋದಷ್ಟೇ ಬಾಕಿ." ಹೊರಡುವಾಗ ತಿರುಗಿ ಮೆಚ್ಚುಗೆಯಿಂದ ಸೇರಿಸಿದರು: "ಕೆಲಸ ಮಾತ್ರ ಫಸ್ಟ್‌ಕ್ಲಾಸ್. ಪಂಪ್‌ಹೌಸಿಂದೂ ಒಂದು ಮಾದರಿ ಮಾಡಿಕೊಡಿ. ಅಲ್ಲೇ ಅಂಟಿಸೋಣ."

ಜೀವಮಾನದಲ್ಲಿ ಮೊದಲ ಸಲ 'ಇಲ್ಲ' ಎನ್ನಲು ರಟ್ಟಣ್ಣ ಗಟ್ಟಿ ಮನಸ್ಸು ಮಾಡಿದ. ಅದು ಗಂಟಲಿಂದ ನಾಲಿಗೆಗೆ ಬರುವಷ್ಟರಲ್ಲಿ ಜೀಪು ಹೊರಟುಹೋಗಿತ್ತು.

ಹನ್ನೊಂದರ ಬಿಸಿಲಲ್ಲಿ ಅವನು ಅಂಗೈ ಮೇಲೆ ಮನೆ ಹಿಡಿದುಕೊಂಡು ಒಂದನೇ ಬೀದಿಯಲ್ಲಿ ನಡೆದ. ಗಾಳಿಗೆ ಹಾರದಂತೆ ಇನ್ನೊಂದು ಕೈ ಅಡ್ಡ ಇಟ್ಟಿದ್ದ. ಮೆಟ್ಟಿಲಿಲ್ಲದ ಜಗಲಿಯ ಮೇಲೆ ಕುರ್ಚಿ ಅಲುಗುತ್ತಿತ್ತು. ಸಭೆಯಿಂದ ಹೊರಬಂದವರೆಲ್ಲ ಅವನನ್ನು ದಾಟಿ ಬೇಗ ಬೇಗ ಹೋದರು, ಬೆಂಕಿ ಬಿದ್ದ ಮನೆಯ ಮುಂದೆ ಹೋಗುವವರಂತೆ.

"ಅಣ್ಣ, ನಿಲ್ಲಿ" ಎಂದು ಇಸ್ತ್ರಿ ಅಕ್ಕ ಹಿಂದಿನಿಂದ ಬಂದಳು. "ಹೀಗ್ಯಾಕೆ ಹಿಡ್ಕೊಂಡು ಹೋಗ್ತೀರ, ಬೆವರಿಗೆ ರಟ್ಟು ಮೆತ್ತಗಾಗುತ್ತೆ. ಜೇಬಲ್ಲಿ ಇಟ್ಕೊಳ್ಳಿ."

"ಬೇಡ ಅಕ್ಕ, ಜೇಬಲ್ಲಿ..." ಎನ್ನುವುದರೊಳಗೆ ಅವಳೇ ಮನೆಯನ್ನು ಎತ್ತಿ ಅವನ ಜೇಬಿನ ಬಾಯಿ ಅಗಲಿಸಿದಳು. ಬೆರಳಿಗೆ ಏನೋ ತಾಗಿತು. ತೆಗೆದಳು.

ತಗಡಿನ ಸಾಲು. ಆರು ಬಾಗಿಲು. ಅಡಿಯಲ್ಲಿ ಬ್ಲೇಡು ನೇರವಾಗಿ ಹಾದುಹೋದ ಗುರುತು.

ಮರೆತು ಬಿಟ್ಟಿದ್ದಕ್ಕೂ ಕತ್ತರಿಸಿ ತೆಗೆದಿದ್ದಕ್ಕೂ ಇರುವ ವ್ಯತ್ಯಾಸ ಬಟ್ಟೆಯವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಹರಿದದ್ದು ಯಾವುದು, ಕತ್ತರಿ ಹಾಕಿದ್ದು ಯಾವುದು ಎಂದು ಅವಳು ದಿನಾ ನೋಡುವವಳು. ಹೆಬ್ಬೆರಳಿನಿಂದ ಆ ಅಂಚನ್ನು ಒಮ್ಮೆ ಸವರಿದಳು. ರಟ್ಟಣ್ಣ ಬಾಯಿ ತೆರೆದ. ಈ ಸಲ 'ಹೂಂ' ಕೂಡ ಬರಲಿಲ್ಲ.

"ಬ್ಯಾರಲ್ಲು ಚೆನ್ನಾಗಿ ಬಂದಿದೆ" ಎಂದಳು ಅವಳು. "ಮುಚ್ಚಳಾನೂ ಹಾಕಿದೀರ."

ಸಾಲನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಅವನ ಮನೆಯನ್ನು ಅವನ ಅಂಗೈಗೇ ವಾಪಸು ಇಟ್ಟಳು. ಎರಡು ಹೆಜ್ಜೆ ಹೋಗಿ ನಿಂತು, ತಿರುಗದೆಯೇ ಹೇಳಿದಳು:

"ಜೇಬಿಗೆ ಗೋಂದು ಹತ್ತಿದೆ. ನಾಳೆ ಅಂಗಿ ಕೊಡಿ. ಮೇಲೊಂದು ಕಾಗದ ಇಟ್ಟು ಇಸ್ತ್ರಿ ತಿಕ್ಕಿದ್ರೆ ಕಾಗದಕ್ಕೆ ಅಂಟ್ಕೊಂಡು ಬಂದುಬಿಡುತ್ತೆ. ಕಲೆ ಉಳಿಯಲ್ಲ."

ಅವಳು ಮೂರನೇ ಬೀದಿಗೆ ತಿರುಗುವವರೆಗೂ ರಟ್ಟಣ್ಣ ಅಲ್ಲೇ ನಿಂತಿದ್ದ. ಎಂಟನೇ ಮನೆಯ ಜಗಲಿಯ ಬೆತ್ತದ ಕುರ್ಚಿಯಿಂದ ಅಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

"ಏನೋ ಅದು ಕೈಲಿ? ನಮ್ಮನೆ ಅಲ್ವೇನೋ? ಅಂಟಿಸಿದೆ ಅಂದ್ಯಲ್ಲೋ?"

"ಅಂಟಿಸಿದ್ದೆ ಅಮ್ಮ" ಎಂದ ರಟ್ಟಣ್ಣ, ಮುರಿದ ಮೆಟ್ಟಿಲಿನ ಮೇಲೆ ಕಾಲಿಡುತ್ತ. "ಬೇರೆಯವರ ಜಾಗದಲ್ಲಿ."